ಒಂದು ಚಿಪ್ಪು ಬೂದಿ

ನನ್ನ ಬಲಗೈಗೆ ಇನ್ನೂ ಬುದ್ಧಿ ಬಂದಿಲ್ಲ. ಕಕ್ಕಸಿನಿಂದ ಏಳುವ ಹೊತ್ತಿಗೆ ಸರಿಯಾಗಿ ಅದು ತನ್ನಷ್ಟಕ್ಕೆ ತಾನು ಪಕ್ಕಕ್ಕೆ ಚಾಚಿ ಒಂದು ಹಳೆಯ ಎಣ್ಣೆ ಡಬ್ಬವನ್ನು ತಡಕುತ್ತದೆ. ಡಬ್ಬದಲ್ಲಿ ಬೂದಿ ಇರಬೇಕು, ಬೂದಿಯಲ್ಲಿ ಅರ್ಧ ಹೂತುಕೊಂಡ ತೆಂಗಿನ ಚಿಪ್ಪು ಇರಬೇಕು. ಮಗಳ ಮನೆಯ ಬಿಳಿ ಟೈಲ್ಸಿನ ಬಚ್ಚಲಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ಅಲ್ಲಿ ಗುಂಡಿ ಒತ್ತಿದರೆ ಬುಸ್ಸೆಂದು ನೀರು ಬರುತ್ತದೆ, ಎಲ್ಲವನ್ನೂ ಎತ್ತಲೋ ಒಯ್ಯುತ್ತದೆ. ಎತ್ತ ಒಯ್ದಿತು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ, ಕೇಳುವಷ್ಟು ತ್ರಾಣ ಈಗ ಉಳಿದಿಲ್ಲ. ಕೈ ಮಾತ್ರ ಹೇಳಿದ ಮಾತು ಕೇಳದೆ ದಿನಾ ತಡಕುತ್ತದೆ.

ಇದೂ ಒಂದು ಬರೆಯುವ ವಿಷಯವೇ ಎಂದು ನೀವು ಮೂಗು ಮುರಿಯುತ್ತಿರಬಹುದು. ಮುರಿಯಿರಿ, ಬೇಡ ಎನ್ನುವುದಿಲ್ಲ. ಮುಚ್ಚಿಕೊಳ್ಳುವ ಅಗತ್ಯವಂತೂ ಇಲ್ಲ. "ವಾಸನೆ ಬಂದ್ರೆ ನನ್ನ ಕೇಳಿ" ಎಂದು ಎದೆ ತಟ್ಟಿ ಹೇಳುತ್ತಿದ್ದವರ ಜೊತೆ ಬಾಳಿದವಳು ನಾನು.

ಅದು ತೊಂಬತ್ತರ ದಶಕ. ನಾವಿದ್ದದ್ದು ಪಾಂಡವಪುರದ ಒಂದು ಬಾಡಿಗೆ ಮನೆಯಲ್ಲಿ. ನಮ್ಮವರಿಗೆ ಕೃಷಿ ಇಲಾಖೆಯಲ್ಲಿ ಕೆಲಸ. ನಾನು ಶ್ರೀರಂಗಪಟ್ಟಣದಿಂದಾಚೆಗಿನ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಎದ್ದು ಸಾರು ಕುದಿಸಿ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ದಿನವಿಡೀ ಮಕ್ಕಳ ಎದುರು ಗಂಟಲು ಹರಿದುಕೊಂಡು, ಮತ್ತೆ ಕಂಬಿ ಹಿಡಿದು ಮನೆಗೆ ಬಂದರೆ ಬೆಳಗಿನ ಪಾತ್ರೆ ನನ್ನ ದಾರಿ ಕಾಯುತ್ತಿರುತ್ತಿತ್ತು. ನನಗಿದ್ದದ್ದು ಒಂದೇ ಆಸೆ. ಬೇಸಿಗೆ ರಜೆಯಲ್ಲಿ ಯಾರೂ ಏಳಿಸದ ಕಡೆ ಕಾಲು ಚಾಚಿ ಮಲಗಬೇಕು. ದೇವರು ದೊಡ್ಡವನು, ಆ ಆಸೆಯನ್ನು ನಮ್ಮವರ ಕಿವಿಗೆ ಹಾಕಿದ.

ಅವರಿಗೆ ಅಕ್ಕಿಹೆಬ್ಬಾಳಿನಲ್ಲಿ, ಹೇಮಾವತಿ ದಂಡೆಯಲ್ಲಿ, ಪಿತ್ರಾರ್ಜಿತವಾಗಿ ಒಂದು ಚೂರು ಜಮೀನು ಬಂದಿತ್ತು. ಅಲ್ಲಿ ಒಂದು ಕೋಣೆ, ಒಂದು ಒಲೆ, ಮುಂದಕ್ಕೊಂದು ಜಗಲಿ ಇರುವ ಹೆಂಚಿನ ಮನೆ ಕಟ್ಟಿಸಿ ಅದಕ್ಕೆ 'ರಜಾ ಕಾಟೇಜು' ಎಂದು ಹೆಸರಿಟ್ಟರು. ಇರಲು ಬಾಡಿಗೆ ಮನೆ, ಮಲಗಲು ಕಾಟೇಜು! ದೇವಲಾಪುರದ ನನ್ನ ಅತ್ತಿಗೆ ಇದನ್ನು ಕೇಳಿ "ಒಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಗೆ ಊವು" ಅಂದಳು. ಅವಳ ಬಾಯಿ ಸ್ವಲ್ಪ ಜೋರು, ಆದರೆ ಲೆಕ್ಕ ತಪ್ಪುವುದಿಲ್ಲ.

ಕಾಟೇಜಿಗೆ ಕಕ್ಕಸು ಬೇಕಲ್ಲ. ಹೊಳೆಯ ದಂಡೆ, ಮಂಡಿಯುದ್ದ ಅಗೆದರೆ ನೀರು. ಗುಂಡಿ ತೋಡಿದರೆ ಅಲ್ಲೇ ಪಕ್ಕದ ಬಾವಿ ಕೆಡುತ್ತದೆ. ನಮ್ಮವರು ಯಾವುದೋ ತರಬೇತಿಗೆ ಹೋಗಿದ್ದಾಗ ಒಂದು ಗೊಬ್ಬರದ ಕಕ್ಕಸಿನ ನಕ್ಷೆ ತಂದಿದ್ದರು. ಭೂಮಿಯ ಕೆಳಗಲ್ಲ, ಮೇಲೆ. ಅಕ್ಕಪಕ್ಕ ಇಟ್ಟಿಗೆಯ ಎರಡು ತೊಟ್ಟಿ, ಅವುಗಳ ಮೇಲೆ ಗೂಡಿನಂಥದೊಂದು ಕೋಣೆ, ಹತ್ತಿ ಹೋಗಲು ಮೆಟ್ಟಿಲು. ಮೇಲಿನಿಂದ ಬೀಳುವುದು ತೊಟ್ಟಿಗೆ. ಅದರ ಮೇಲೆ ಒಂದು ಚಿಪ್ಪು ಬೂದಿ, ಒಂದು ಹಿಡಿ ತರಗು. ನೀರು ಮಾತ್ರ ಒಂದು ತೊಟ್ಟೂ ಒಳಗೆ ಬೀಳಕೂಡದು. ತೊಳೆದುಕೊಳ್ಳಲು ಪಕ್ಕದಲ್ಲೇ ಬೇರೆ ಇಳಿಜಾರು, ಆ ನೀರು ಬಾಳೆಯ ಬುಡಕ್ಕೆ. ಒಂದು ತೊಟ್ಟಿ ತುಂಬಿದರೆ ಅದನ್ನು ಮುಚ್ಚಿಟ್ಟು ಇನ್ನೊಂದು. ಮುಂದಿನ ವರ್ಷ ಹಿಂದುಗಡೆಯ ತಗಡಿನ ಬಾಗಿಲು ತೆಗೆದರೆ ಒಳಗಿರುವುದು ಗೊಬ್ಬರ.

ಇಷ್ಟನ್ನು ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ನಮ್ಮವರು ಇದನ್ನು ಬಂದ ನೆಂಟರ ಕೈಗೆ ಕಾಫಿ ಲೋಟ ಕೊಟ್ಟು, ಅವರು ಮೊದಲ ಗುಟುಕು ಕುಡಿಯುವಾಗ ಶುರು ಮಾಡುತ್ತಿದ್ದರು. ಕೈಯಲ್ಲಿ ಒಂದು ಕೋಲು ಬೇರೆ. ಪುಣ್ಯಾತ್ಮರು ಕುಕ್ಕರುಗಾಲಲ್ಲಿ ಕೂತು ತೋರಿಸಿಯೂ ಬಿಡುತ್ತಿದ್ದರು. ಎಷ್ಟೋ ನೆಂಟರು ಕಾಫಿ ಅರ್ಧಕ್ಕೇ ಇಟ್ಟು ಸಂಜೆ ಬಸ್ಸಿಗೇ ಹೊರಟದ್ದುಂಟು. ಉಳಿದವರಿಗೆ ರೈಲಿನ ಭಯ. ಹಳಿ ದೂರವೇನಿರಲಿಲ್ಲ. ಮೆಟ್ಟಿಲು ಹತ್ತುವವರು, ಇಳಿಯುವವರು, ಚೊಂಬು ಹಿಡಿದು ಕಾಯುವವರು ಎಲ್ಲರೂ ಕಿಟಕಿ ಪಕ್ಕ ಕೂತವರಿಗೆ ಕಾಣುತ್ತಿದ್ದರು. ಮಕ್ಕಳು ಟಾಟಾ ಮಾಡುತ್ತಿದ್ದವು. ಮಾಡಬೇಕೋ ಬೇಡವೋ ತಿಳಿಯದೆ ನಾನೂ ಒಂದೆರಡು ಸಲ ಟಾಟಾ ಮಾಡಿದ್ದೇನೆ.

ಬೂದಿಗೂ ಬರ ಬಂತು. ಪಾಂಡವಪುರದಲ್ಲಿ ನಮ್ಮದು ಗ್ಯಾಸಿನ ಒಲೆ. ಕಾಟೇಜಿನ ಒಲೆಯ ಬೂದಿ ಪಾತ್ರೆ ತಿಕ್ಕಲೂ ಸಾಲದು. ಅದಕ್ಕೆ ನಮ್ಮವರು ನೆಂಟರಿಗೆಲ್ಲ, ಬರುವಾಗ ಹಣ್ಣು ಬೇಡ, ಬಿಸ್ಕತ್ತು ಬೇಡ, ಬೂದಿ ತನ್ನಿ ಎಂದು ಹೇಳಿಬಿಟ್ಟರು. ಒಂದು ಸಲ ತವರಿನಿಂದ ಹೊರಟಾಗ ಅತ್ತಿಗೆ ಗೊಬ್ಬರದ ಚೀಲದ ತುಂಬ ಬೂದಿ ತುಂಬಿ ಬಾಯಿ ಹೊಲಿದು ಕೊಟ್ಟಳು. ನಾಗಮಂಗಲದಲ್ಲಿ ಬಸ್ಸು ಹತ್ತಿದರೆ ಕಂಡಕ್ಟರು ಚೀಲವನ್ನು ಕಾಲಲ್ಲಿ ಒತ್ತಿ ನೋಡಿ, "ಏನಮ್ಮಾ ಇದ್ರಲ್ಲಿ?" ಎಂದ.

"ಬೂದಿ ಕಣಪ್ಪ."

ಅವನು ಕಾಲು ತೆಗೆದ. "ಯಾರ್ದಮ್ಮಾ?"

"ನಮ್ಮನೇದೇ" ಎಂದೆ. ನಿಂತು ನಿಂತು ಸುಸ್ತಾಗಿದ್ದ ನನ್ನ ಮುಖವೂ ಆ ಮಾತಿಗೆ ಹೊಂದುವ ಹಾಗೇ ಇದ್ದಿರಬೇಕು. ಬಸ್ಸೆಲ್ಲ ಗಪ್‌ಚಿಪ್ಪಾಯಿತು. ಒಬ್ಬ ಯಜಮಾನರು ಎದ್ದು ಜಾಗ ಬಿಟ್ಟರು. ಪಕ್ಕದ ಹೆಂಗಸು ನನ್ನ ಕೈ ಹಿಡಿದು, "ಒಳೇಲಿ ಬುಟ್ಬುಟ್ಟು ತಿರುಗಿ ನೋಡ್ಬೇಡಿ ಕಣವ್ವಾ" ಅಂದಳು. ಕುಳಿತುಕೊಳ್ಳಲು ಜಾಗ ಸಿಕ್ಕಿತ್ತಲ್ಲ, ನಿಜ ಹೇಳುವ ದಡ್ಡತನ ನಾನು ಮಾಡಲಿಲ್ಲ. ಕೆ.ಆರ್. ಪೇಟೆಯವರೆಗೂ ದುಃಖದಲ್ಲಿ ಕಣ್ಣು ಮುಚ್ಚಿಕೊಂಡು ನಿದ್ದೆ ಹೊಡೆದೆ.

ಆ ಸಲ ತವರಿಗೆ ಹೋದದ್ದು ಅವ್ವನನ್ನು ನೋಡಲು. ದೇವಲಾಪುರದಲ್ಲಿ ಅಣ್ಣನ ಮನೆಯಲ್ಲಿದ್ದಳು ಅವ್ವ. ನೋಡನೋಡುತ್ತ ಸೊರಗಿ ಕಡ್ಡಿಯಾಗಿದ್ದಳು. ರವಿಕೆಯ ತೋಳಿನಲ್ಲಿ ಇನ್ನೊಂದು ತೋಳು ಹಿಡಿಸುತ್ತಿತ್ತು. ನಾಗಮಂಗಲದ ಡಾಕ್ಟರು ನಾಡಿ ನೋಡಿ, ನಾಲಗೆ ನೋಡಿ, ಏನೂ ಇಲ್ಲ, ಚೆನ್ನಾಗಿ ಊಟ ಮಾಡಬೇಕು ಅಷ್ಟೆ ಎಂದಿದ್ದರು. ಊಟವೇ ಅಲ್ಲವೇ ತೊಂದರೆ! ಅರ್ಧ ಮುದ್ದೆಗೆ ಕೈ ತೊಳೆಯುತ್ತಿದ್ದಳು. ಜೋರು ಬಾಯಿಯ ಅತ್ತಿಗೆ ನನ್ನನ್ನು ಹಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಅತ್ತುಬಿಟ್ಟಳು. "ಇಕ್ಕಕ್ಕೋದ್ರೆ ಕೈ ಅಡ್ಡ ಇಡೀತಾರೆ ಕಣವ್ವ. ಸೊಸೆ ಒಟ್ಟೆಗಿಕ್ಕಕಿಲ್ಲ ಅಂತ ಊರೋರೆಲ್ಲ ಆಡ್ಕತಾವ್ರೆ. ನೀನೇ ಕರ್ಕೊಂಡೋಗಿ ಒಂದೀಟು ಉಣ್ಣಂಗೆ ಮಾಡು."

ಅವ್ವ ಹಸಿವು ಎಂದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದವಳಲ್ಲ. ಕೆಲವರಿಗೆ ಹಸಿವೇ ಆಗುವುದಿಲ್ಲವೇನೋ ಎಂದುಕೊಂಡಿದ್ದೆ. ಆ ಬೇಸಿಗೆ ರಜೆಗೆ ಅವಳನ್ನು ಕಾಟೇಜಿಗೆ ಕರೆತಂದೆ. ಹೇಗಾದರೂ ಮಾಡಿ ಅವ್ವನ ಹೊಟ್ಟೆಗೆ ಒಂದು ಇಡೀ ಮುದ್ದೆ ಇಳಿಸಬೇಕು, ಅದೊಂದೇ ನನ್ನ ತಲೆಯಲ್ಲಿದ್ದದ್ದು. ನನ್ನ ನಿದ್ದೆಯ ಆಸೆ ಮುಂದಿನ ವರ್ಷಕ್ಕೆ ಹೋಯಿತು. ಅದು ಹಾಗೆಯೇ, ಯಾವಾಗಲೂ ಮುಂದಿನ ವರ್ಷಕ್ಕೇ ಹೋಗುವುದು.

ಬಂದ ದಿನ ಮಧ್ಯಾಹ್ನ ಕಾಫಿ ಕೊಟ್ಟರೆ ಅವ್ವ ಲೋಟ ದೂರ ಸರಿಸಿದಳು. "ಈಗ್ಬ್ಯಾಡ, ಕತ್ತಲಾಗ್ಲಿ." ನೀರೂ ಅಷ್ಟೇ, ತುಟಿ ಒದ್ದೆ ಮಾಡಿಕೊಂಡು ಚೊಂಬು ಕೆಳಗಿಟ್ಟಳು. ನನಗೆ ತಟ್ಟನೆ ಹೊಳೆಯಿತು. ಈ ವಿದ್ಯೆ ನನಗೆ ಗೊತ್ತಿದ್ದದ್ದೇ. ನಮ್ಮ ಶಾಲೆಯಲ್ಲಿ ಹೆಂಗಸರು ಹೋಗುವಂಥ ಜಾಗವೇ ಇರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ನಾನು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಬಾಯಾರಿದರೆ ಉಗುಳು ನುಂಗುವುದು. ಇದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಬರುತ್ತದೆ.

"ಅವ್ವಾ, ಬೈಲ್ಕಡೆ ಓಗಕ್ಕೆ ಆಯ್ತಿಲ್ವಾ ನಿಂಗೆ?" ಎಂದೆ.

ಅವ್ವ ಸೆರಗಿನ ಅಂಚು ಮಡಚತೊಡಗಿದಳು. "ಮಂಡಿ ಮಡಚಕ್ಕಾಯ್ತಿಲ್ಲ ಕಣವ್ವ. ಕೂತ್ರೆ ಏಳಕ್ಕಾಗಕಿಲ್ಲ. ಮೊದ್ಲಾದ್ರೆ ನಾಕು ಜನ ಎಂಗಸ್ರು ಒಟ್ಗೆ ಓಗ್ತಿದ್ದೋ, ಕೈ ಇಡ್ದು ಎಬ್ಬುಸ್ತಿದ್ರು. ಈಗ ಅವ್ರೂ ಇಲ್ಲ. ಬೆಳಕರದ್ಮೇಲೆ ಬಂದ್ರೆ ಎಲ್ಗೋಗನ? ಸೊಸೆಗೆ ಕರ್ಕೊಂಡೋಗು ಅನ್ನಕ್ಕೆ ನಾಚ್ಕೆ. ಉಣ್ದಿದ್ರೆ ಬರಾದೇ ಇಲ್ವಲ್ಲ."

ಡಾಕ್ಟರು ನೋಡಿದ್ದು ನಾಲಗೆಯನ್ನು. ರೋಗ ಇದ್ದದ್ದು ಹೊಲದ ದಾರಿಯಲ್ಲಿ.

ಇದನ್ನು ನಮ್ಮವರಿಗೆ ಹೇಳಿದೆ. ಅವರು ಒಳಗೆ ಹೋಗಿ ನಮ್ಮ ಮದುವೆಯಲ್ಲಿ ಬಂದ ಮರದ ಕುರ್ಚಿ ತಂದು, ಗರಗಸದಿಂದ ನಡುವೆ ಗುಂಡಗೆ ಕೊಯ್ದು, ಮೇಲೆ ಹೊತ್ತುಕೊಂಡು ಹೋಗಿ ತೊಟ್ಟಿಯ ಮೇಲೆ ಕೂರಿಸಿದರು. ಮೆಟ್ಟಿಲಿಗೆ ಬೊಂಬಿನ ಕೈಹಿಡಿ ಕಟ್ಟಿದರು. ಅವ್ವ ಹತ್ತಿ ನೋಡಿ, "ಇದು ನಾನ್ ಕೊಟ್ಟಿದ್ ಕುರ್ಚಿ ಅಲ್ವಾ?" ಎಂದಳು. "ಊಂ ಕಣವ್ವ, ಸದ್ಯ, ಇವತ್ತು ಉಪಯೋಗಕ್ಕೆ ಬಂತು" ಎಂದೆ.

ಇನ್ನು ನಿಯಮ ಹೇಳಿಕೊಡಬೇಕಲ್ಲ. ನಮ್ಮ ಕಡೆ ಅತ್ತೆ ಅಳಿಯನೆದುರು ನಿಲ್ಲುವುದಿಲ್ಲ. ಅಳಿಯ ಬಂದರೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ಸರಿಯುತ್ತಾಳೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವರಿಬ್ಬರೂ ನೇರ ಮಾತಾಡಿದವರಲ್ಲ, ಮಾತೆಲ್ಲ ನನ್ನ ಮೂಲಕವೇ. "ಅವ್ವಂಗೇಳು, ನೀರು ಬೀಳ್ಬಾರ್ದು" ಎಂದು ಅವರು ಜಗಲಿಯಿಂದ. "ಊಂ ಅನ್ನು" ಎಂದು ಅವ್ವ ಬಾಗಿಲ ಹಿಂದಿನಿಂದ. ನಡುವೆ ನಾನು, ಇಬ್ಬರಿಗೂ ಕೇಳಿಸಿದ್ದನ್ನೇ ಇಬ್ಬರಿಗೂ ಮತ್ತೆ ಹೇಳುವವಳು. ಬೇರೆ ವಿಷಯವಾಗಿದ್ದರೆ ಹೇಗೋ ನಡೆಯುತ್ತಿತ್ತು. ಈ ವಿಷಯದಲ್ಲಿ ನನಗೆ ಬೆವರು ಇಳಿಯಿತು.

ಆದರೆ ಫಲಿಸಿತು. ರೈಲು ಹೋಗುವವರೆಗೆ ಕಾದು ಅವ್ವ ಮೆಟ್ಟಿಲು ಹತ್ತುತ್ತಿದ್ದಳು, ಬೊಂಬು ಹಿಡಿದು ಇಳಿಯುತ್ತಿದ್ದಳು. ಕಾಫಿ ಕುಡಿದಳು. ಚೊಂಬು ನೀರು ಕುಡಿದಳು. ಒಂದು ದಿನ ಉಪ್ಸಾರಿನಲ್ಲಿ ಒಂದು ಇಡೀ ಮುದ್ದೆ ಉಂಡಳು. ನಾನು ನೋಡಿಯೂ ನೋಡದವಳ ಹಾಗೆ ಒಲೆಯ ಕಡೆ ತಿರುಗಿಕೊಂಡೆ. ಅಷ್ಟು ಸಂತೋಷವಾಗಿತ್ತು.

ಆಗ ಬಂತು ನೋಡಿ ಗ್ರಹಚಾರ. ಒಂದು ಬೆಳಿಗ್ಗೆ ಅವ್ವ ಹುಣಸೆಹಣ್ಣು ಬಿಡಿಸುತ್ತ ಹಿಂದುಗಡೆ ಕೂತಿದ್ದಾಗ ನಮ್ಮವರು ಗುದ್ದಲಿ ಹಿಡಿದು ಬಂದು ತೊಟ್ಟಿಯ ತಗಡಿನ ಬಾಗಿಲು ತೆಗೆದರು. ಗುಡ್ಡೆಯಾಗಿದ್ದನ್ನು ಆಗಾಗ ಎಳೆದು ಹರಡಬೇಕು, ಬೂದಿ ಬೆರೆಸಬೇಕು.

"ಏನ್ ಮಾಡ್ತಾವ್ರೆ ಅವ್ರು?" ಎಂದಳು ಅವ್ವ.

ನಾನು ಎಲ್ಲಿಯೋ ಧ್ಯಾನದಲ್ಲಿದ್ದೆ. "ಬಾಚ್ತಾವ್ರೆ ಕಣವ್ವ" ಎಂದುಬಿಟ್ಟೆ.

ಅವ್ವನ ಕೈಯಿಂದ ಹುಣಸೆಹಣ್ಣು ಜಾರಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಆ ಮಂಡಿಗಳಲ್ಲಿ ಓಡಿದಳು! ಮಧ್ಯಾಹ್ನ ಹೊಟ್ಟೆ ಸರಿಯಿಲ್ಲ ಎಂದಳು. ಸಂಜೆಯೂ ಅದೇ ಮಾತು. ಅಳಿಯನ ಕಾಲು ತೊಳೆದು ಕನ್ಯಾದಾನ ಮಾಡಿದ ಕೈ ಅವಳದು. ಆ ಅಳಿಯ ತನ್ನದನ್ನು ಗುದ್ದಲಿಯಲ್ಲಿ ಬಾಚುವುದೆಂದರೆ, ಅದಕ್ಕಿಂತ ಉಪವಾಸವೇ ಮೇಲು.

ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವ್ವ ಬಾವಿಯಿಂದ ನೀರು ಸೇದಿ, ಕೊಡವನ್ನು ಮೆಟ್ಟಿಲಿಂದ ಮೆಟ್ಟಿಲಿಗೆ ಎತ್ತಿಟ್ಟುಕೊಂಡು ಹತ್ತಿ, ತೊಟ್ಟಿಗೆ ಸುರಿದಿದ್ದಳು. ಮತ್ತೆ ಸೇದಿ, ಮತ್ತೆ ಸುರಿದಿದ್ದಳು. ಕೂತ ಜಾಗವನ್ನು ತೊಳೆದಿಟ್ಟು ಹೋಗುವುದು ಮರ್ಯಾದಸ್ಥ ಹೆಂಗಸಿನ ಲಕ್ಷಣ ಎಂದು ನಮಗೆಲ್ಲ ಹೇಳಿಕೊಟ್ಟವಳು ಅವಳೇ. ಒದ್ದೆ ಸೀರೆಯಲ್ಲಿ ನಡುಗುತ್ತ ನಿಂತು, "ಎಲ್ಲ ತೊಳದ್ಬುಟ್ಟಿವ್ನಿ. ಇನ್ನು ಅವ್ರು ಕೈ ಆಕಂಗಿಲ್ಲ" ಎಂದಳು.

ತೊಳೆದದ್ದು ಎಲ್ಲಿ ಹೋಗಬೇಕು? ತಗಡಿನ ಬಾಗಿಲ ಸಂದಿಯಿಂದ ಸೋರಿ ಹಿತ್ತಲಿಗೆ ಹರಿಯುತ್ತಿತ್ತು. ಕಾಟೇಜಿನ ಇತಿಹಾಸದಲ್ಲೇ ಮೊದಲ ಬಾರಿಗೆ ವಾಸನೆ ಬಂತು. ಸಣ್ಣಪುಟ್ಟ ವಾಸನೆಯಲ್ಲ, ರೈಲಿನವರು ಕಿಟಕಿ ಹಾಕಿಕೊಳ್ಳುವಂಥದ್ದು.

ನಮ್ಮವರು ಬಂದು ನೋಡಿದರು. ಎಂಥೆಂಥ ಸಣ್ಣ ತಪ್ಪಿಗೂ ಕೋಲು ಹಿಡಿದು ಪಾಠ ಮಾಡುವವರು ಅವತ್ತು ಕೋಲನ್ನು ಮೂಲೆಗಿಟ್ಟರು. ಅಂಗಿ ಹಾಕಿಕೊಂಡು ಹೊರಟುಹೋದರು. ಅವ್ವ ತನ್ನ ಬ್ಯಾಗಿಗೆ ಸೀರೆ ತುಂಬತೊಡಗಿದಳು. "ನನ್ನ ದೇವ್ಲಾಪುರುದ್ ಬಸ್ಸು ಅತ್ತಿಸ್ಬುಡವ್ವ. ಒಳ್ಳೇದ್ ಮಾಡಕ್ಕೋಗಿ ಅವ್ರ ಮನೆ ಕೆಡಿಸ್ಬುಟ್ಟೆ." ನನಗೆ ನಿಜವಾಗಿ ಸಾಕಾಗಿತ್ತು. ಜಗಲಿಯ ಮೇಲೆ ಮೂಗಿಗೆ ಸೆರಗು ಹಿಡಿದು ಕೂತು, ಅವ್ವ ಊರಿಗೆ ಹೋದರೆ ಮತ್ತೆ ಅರ್ಧ ಮುದ್ದೆ, ಆಮೇಲೆ ಕಾಲು ಮುದ್ದೆ, ಆಮೇಲೆ ಏನು ಎಂದು ಯೋಚಿಸುತ್ತಿದ್ದೆ.

ಬಿಸಿಲೇರಿದ ಮೇಲೆ ಒಂದು ಎತ್ತಿನ ಗಾಡಿ ಬಂತು. ಗಾಡಿಯ ತುಂಬ ಮೂಟೆ. ಮೂಟೆಗಳ ಮೇಲೆ ಒಬ್ಬರು ಕೂತಿದ್ದರು, ತಲೆಯಿಂದ ಕಾಲಿನವರೆಗೆ ಬೂದಿ, ಕಣ್ಣೆರಡು ಮಾತ್ರ ಮಿಟುಕುತ್ತಿದ್ದವು. ಅವರು ನಮ್ಮವರೇ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಪಕ್ಕದೂರಿನ ಆಲೆಮನೆಗೆ ಹೋಗಿ, ಕಬ್ಬಿನ ಸಿಪ್ಪೆ ಉರಿಸಿ ಬೆಲ್ಲ ಕಾಯಿಸುವ ಆ ಒಲೆಯ ಬೂದಿಯನ್ನೆಲ್ಲ ತಾವೇ ತೋಡಿ ತುಂಬಿಸಿಕೊಂಡು ಬಂದಿದ್ದರು. ಇಳಿದವರೇ ಮೂಟೆ ಬಿಚ್ಚಿ ತೊಟ್ಟಿಗೆ ಸುರಿದರು. ಕಬ್ಬಿನ ಒಣ ಸೋಗೆ ಕತ್ತರಿಸಿ ಸುರಿದರು, ಮತ್ತೆ ಬೂದಿ. ಸಂಜೆಯ ಹೊತ್ತಿಗೆ ಸೋರುವುದು ನಿಂತಿತು. ಆ ತೊಟ್ಟಿಯನ್ನು ಮುಚ್ಚಿ, ಅವ್ವನ ಕುರ್ಚಿಯನ್ನು ಪಕ್ಕದ ಖಾಲಿ ತೊಟ್ಟಿಯ ಮೇಲಕ್ಕೆ ಸರಿಸಿದರು.

ಅವ್ವ ಬಾಗಿಲ ಹಿಂದಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಬ್ಯಾಗು ಕಾಲ ಬಳಿ ಇತ್ತು. ಕೊನೆಗೆ ನನಗೆ ಎಂದಳು, "ಅವ್ರಿಗೇಳು, ಆ ಗುದ್ಲಿ ನಿನ್ ಕೈಗ್ ಕೊಡ್ಲಿ."

"ನಂಗ್ಯಾಕವ್ವ ಗುದ್ಲಿ?"

"ನಂದ್ನ ಅಳಿಯಂದ್ರು ಬಾಚ್ಬಾರ್ದು. ನೀನ್ ಬಾಚು. ನಿಂದ್ನ ನಾನ್ ಬಾಚ್ನಿಲ್ವಾ? ಕಂಕುಳಲ್ಲಿರೋಗಂಟ ನಂಗೆ ಅದೇ ಕೆಲ್ಸ ಆಗಿತ್ತಲ್ಲ. ನಿನ್ ಕೈಲಾದ್ರೆ ನಂಗೆ ನಾಚ್ಕೆ ಇಲ್ಲ."

ನಾನು ಈ ಮಾತನ್ನು ದಾಟಿಸುವ ಮೊದಲೇ ನಮ್ಮವರು ಬಂದು ಗುದ್ದಲಿಯನ್ನು ನನ್ನ ಪಕ್ಕದಲ್ಲಿ ಗೋಡೆಗೆ ಒರಗಿಸಿ, ಹೊಳೆಗೆ ಸ್ನಾನಕ್ಕೆ ಹೋದರು. ನನ್ನ ರಜೆಯ ಕಥೆ ಅಲ್ಲಿಗೆ ಮುಗಿಯಿತು. ಗಂಡ ಕಟ್ಟಿಸಿದ, ಅವ್ವ ಒಪ್ಪಿದಳು, ಬಾಚುವ ಭಾಗ ಮಾತ್ರ ನನ್ನ ಪಾಲಿಗೆ ಬಂತು. ಅವ್ವ ಬ್ಯಾಗಿನಿಂದ ಸೀರೆ ತೆಗೆದು ಮತ್ತೆ ಹಗ್ಗದ ಮೇಲೆ ಹಾಕಿದಳು.

ಮುಂದಿನ ಬೇಸಿಗೆಗೂ ಅವ್ವ ಬಂದಳು. ಅಷ್ಟರಲ್ಲಿ ಅಣ್ಣ ದೇವಲಾಪುರದ ಹಟ್ಟಿಯ ಹಿಂದೆ ಅಂಥದ್ದೇ ಒಂದನ್ನು ಕಟ್ಟಿಸಿದ್ದ. ಅಲ್ಲಿ ಬಾಚುವವಳು ಜೋರು ಬಾಯಿಯ ಅತ್ತಿಗೆ. ಬೈದುಕೊಂಡೇ ಬಾಚುತ್ತಾಳಂತೆ, ಬೈದುಕೊಂಡೇ ಎರಡನೆಯ ಮುದ್ದೆ ಇಕ್ಕುತ್ತಾಳಂತೆ. ಅವ್ವನ ರವಿಕೆಯ ತೋಳು ತುಂಬಿಕೊಂಡಿತ್ತು.

ಮುಚ್ಚಿಟ್ಟಿದ್ದ ತೊಟ್ಟಿಯನ್ನು ತೆಗೆಯಲು ನಾನು ಮನಸ್ಸಿಲ್ಲದ ಮನಸ್ಸಿನಿಂದ ಹೊರಟೆ. ಸೊಂಟ ನೋಯುತ್ತಿತ್ತು. ತಗಡು ಸರಿಸಿದರೆ ಒಳಗೆ ಕಪ್ಪು ಮಣ್ಣು. ಬೇರೇನೂ ಇಲ್ಲ, ಪುಡಿಪುಡಿಯಾದ ಕಪ್ಪು ಮಣ್ಣು. ಒಂದು ಬೊಗಸೆ ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತಿದ್ದ ಅವ್ವನಿಗೆ ತೋರಿಸಿದೆ. ಮೊದಲು ಮುಖ ತಿರುಗಿಸಿದಳು. ಆಮೇಲೆ ಒಂದು ಬೆರಳಲ್ಲಿ ಮುಟ್ಟಿದಳು. ಆಮೇಲೆ ಅಂಗೈಗೆ ಹಾಕಿಸಿಕೊಂಡು, ಬಿತ್ತನೆಗೆ ಮುಂಚೆ ಹೊಲದಲ್ಲಿ ಮಾಡುತ್ತಿದ್ದ ಹಾಗೆ ತಿಕ್ಕಿ, ಮೂಸಿ ನೋಡಿದಳು.

"ಇಷ್ಟೇನಾ?" ಎಂದಳು.

"ಇಷ್ಟೇ ಕಣವ್ವ."

ಅಂಗೈಯನ್ನೇ ನೋಡುತ್ತ ಕೂತಳು. ರೈಲು ಬಂತು, ಮಕ್ಕಳು ಟಾಟಾ ಮಾಡಿದವು, ರೈಲು ಹೋಯಿತು. ಅವ್ವ ಸೆರಗೂ ಎಳೆದುಕೊಳ್ಳಲಿಲ್ಲ.

"ಇಷ್ಟಕ್ಕಾ ಮಗ, ನಾನು ಆ ಊರ್ಗೆ ಸೊಸೆಯಾಗಿ ಬಂದಾಗ್ನಿಂದ ಒಟ್ಟೆ ಕಟ್ಕಂಡಿದ್ದು?"

ನಾನು ಅವಳ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ, ಅವ್ವ ಅಳಲಿಲ್ಲ. ಅಂಗೈಯ ಮಣ್ಣನ್ನು ಬಾಳೆಯ ಬುಡಕ್ಕೆ ಕೊಡವಿ, ಬೊಂಬು ಹಿಡಿದು ಎದ್ದು ನಿಂತಳು.

"ಏಳು, ಕೈ ತೊಳ್ಕೊ ಓಗು" ಎಂದಳು. "ಒಟ್ಟೆ ಅಸೀತದೆ ಕಣವ್ವ ನಂಗೆ."